ಮೆಡಿಟರೇನಿಯನ್ ಪ್ರವಾಸಕ್ಕೆ ಯಾವ ತಿಂಗಳು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿದ್ದೇವೆ. ಬರೆದವರು ಬೇರೆ ಬೇರೆ, ಕೇಳಿದ್ದು ಹೆಚ್ಚುಕಡಿಮೆ ಒಂದೇ: ಗ್ರೀಸ್, ಇಟಲಿ, ಸ್ಪೇನ್ ಕಡೆಗೆ ಯಾವಾಗ ಹೊರಡಬೇಕು?

ಪ್ರಶ್ನೆ: ಮಳೆಗಾಲ ಮುಗಿದು ದೀಪಾವಳಿಯೂ ಆದ ಮೇಲೆ, ನವೆಂಬರ್ ಮಧ್ಯದಲ್ಲಿ ಗಂಡ-ಹೆಂಡತಿ ಇಬ್ಬರೂ ಇಟಲಿ, ಗ್ರೀಸ್ ನೋಡಿಕೊಂಡು ಬರೋಣ ಅಂತಿದ್ದೇವೆ. ಹವೆ ಹಿತವಾಗಿರುತ್ತದಲ್ಲವೇ?
— ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ

ಉತ್ತರ: ದಾವಣಗೆರೆಯಲ್ಲಿ ಹಿತವಾಗಿರುತ್ತದೆ. ರೋಮ್‌ನಲ್ಲಿ ಕೊಡೆ ಹಿಡಿದು ಓಡಾಡಬೇಕಾದೀತು. ನಮ್ಮ ಕಡೆಯವರು ಮೊದಲು ಎಡವುವುದೇ ಇಲ್ಲಿ. ನಮ್ಮ ಮಳೆಗಾಲದ ಲೆಕ್ಕವನ್ನು ಅಲ್ಲಿಗೂ ಹಾಕಿಬಿಡುತ್ತಾರೆ. ಮೆಡಿಟರೇನಿಯನ್ ಸುತ್ತಲಿನ ನಾಡುಗಳಲ್ಲಿ ಅದು ತಿರುಗುಮುರುಗು: ಬೇಸಿಗೆ ಒಣ, ಚಳಿಗಾಲ ಒದ್ದೆ. ಬೇಸಿಗೆಯಲ್ಲಿ ಅಟ್ಲಾಂಟಿಕ್ ಕಡೆಯ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿದು ಈ ಸಮುದ್ರದ ಮೇಲೂ ಚಾಚಿಕೊಳ್ಳುತ್ತದೆ. ಅಲ್ಲಿ ಗಾಳಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಆ ವಲಯ ದಕ್ಷಿಣಕ್ಕೆ ಸರಿಯುತ್ತಲೇ ಪಶ್ಚಿಮದ ಗಾಳಿ ಅಟ್ಲಾಂಟಿಕ್‌ನಿಂದ ಒಂದರ ಹಿಂದೊಂದು ವಾಯುಭಾರ ಕುಸಿತಗಳನ್ನು ಹೊತ್ತು ತರುತ್ತದೆ.

ಅಥೆನ್ಸ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 400 ಮಿ.ಮೀ. ನಮ್ಮ ಬಯಲುಸೀಮೆಗಿಂತಲೂ ಕಡಿಮೆಯೇ. ಆದರೆ ಅದರಲ್ಲಿ ಜುಲೈ-ಆಗಸ್ಟ್‌ನ ಪಾಲು ಇಲ್ಲವೆನ್ನುವಷ್ಟು. ಬೀಳುವುದೆಲ್ಲ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ. ರೋಮ್‌ಗೆ ಸುಮಾರು 800 ಮಿ.ಮೀ., ಅಲ್ಲಿ ಅತಿ ಹೆಚ್ಚು ಮಳೆಯ ತಿಂಗಳುಗಳಲ್ಲಿ ನವೆಂಬರ್ ಒಂದು. ವೆನಿಸ್‌ನಲ್ಲಿ ಸಮುದ್ರದ ನೀರು ಬೀದಿಗೇರುವುದೂ ಇದೇ ಕಾಲದಲ್ಲಿ. 2019ರ ನವೆಂಬರ್‌ನಲ್ಲಿ ಉಬ್ಬರದ ಮಟ್ಟ 187 ಸೆಂ.ಮೀ. ಮುಟ್ಟಿತ್ತು. 2020ರಿಂದ ಅಡ್ಡಗೇಟುಗಳನ್ನು ಎತ್ತಿ ತಡೆಯುತ್ತಿದ್ದಾರೆ, ಹಾಗಾಗಿ ಈಗ ಆ ಭಯ ತಗ್ಗಿದೆ.

ಮಳೆಗಿಂತ ಹೆಚ್ಚು ಕಳೆಯುವುದು ಬೆಳಕು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ನವೆಂಬರ್ ಮಧ್ಯದಲ್ಲಿ ರೋಮ್‌ನಲ್ಲಿ ಐದು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ. ಅಥೆನ್ಸ್‌ನ ಅಕ್ರೊಪೊಲಿಸ್ (ಗುಡ್ಡದ ಮೇಲಿನ ಪುರಾತನ ದೇವಾಲಯಗಳ ತಾಣ) ಚಳಿಗಾಲದಲ್ಲಿ ಸಂಜೆ 5ಕ್ಕೆ ಬಾಗಿಲು ಹಾಕುತ್ತದೆ. ನವೆಂಬರೇ ಆಗಬೇಕೆಂದರೆ ಗ್ರೀಸಿನ ದ್ವೀಪಗಳನ್ನು ಕೈಬಿಡಿ, ಹೋಟೆಲುಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಸೂರಿನಡಿ ನೋಡುವುದು ಹೆಚ್ಚಿರುವ ರೋಮ್, ಫ್ಲಾರೆನ್ಸ್, ಅಥೆನ್ಸ್ ಮೂರನ್ನೇ ಇಟ್ಟುಕೊಳ್ಳಿ. ನಿವೃತ್ತರಿಗೆ ರಜೆಯ ಕಟ್ಟಿಲ್ಲವಲ್ಲ, ಸೆಪ್ಟೆಂಬರ್ 20ರಿಂದ ಅಕ್ಟೋಬರ್ 10ರೊಳಗೆ ಹೋಗಿಬರುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ಮಕ್ಕಳಿಬ್ಬರು, 9 ಮತ್ತು 13 ವರ್ಷ. ಬೇಸಿಗೆ ರಜೆ ಇಲ್ಲವೇ ದಸರಾ ರಜೆ, ಎರಡರಲ್ಲಿ ಒಂದು. ನಮಗೆ ಹಳೆಯ ಕಟ್ಟಡ ನೋಡುವ ಆಸೆ, ಮಕ್ಕಳಿಗೆ ಸಮುದ್ರದಲ್ಲಿ ಆಡುವ ಹಟ. ಯಾವುದು ಸರಿ?
— ಶಿಕ್ಷಕ ದಂಪತಿ, ಹರಿಹರ

ಉತ್ತರ: ಆಸೆ ಗೆಲ್ಲಬೇಕಾದರೆ ಮೇ, ಹಟ ಗೆಲ್ಲಬೇಕಾದರೆ ದಸರಾ.

ಬಚ್ಚಲ ಹಂಡೆಯ ನೀರನ್ನು ನೆನಪಿಸಿಕೊಳ್ಳಿ. ಕಾಯುವುದೂ ನಿಧಾನ, ಆರುವುದೂ ನಿಧಾನ. ಸಮುದ್ರವೂ ಹಾಗೆಯೇ. ಬಿಸಿಲು ಜೂನ್‌ನಲ್ಲಿ ನೆತ್ತಿಗೇರಿದರೂ ನೀರು ಪೂರ್ತಿ ಬೆಚ್ಚಗಾಗುವುದು ಆಗಸ್ಟ್‌ನಲ್ಲಿ. ಗ್ರೀಸಿನ ಏಜಿಯನ್ ಸಮುದ್ರದಲ್ಲಿ ಮಾರ್ಚ್ ಹೊತ್ತಿಗೆ ನೀರು 15 ಡಿಗ್ರಿಯ ಆಸುಪಾಸು, ಮೇ ಕೊನೆಗೆ 19-20, ಆಗಸ್ಟ್‌ನಲ್ಲಿ 25ರ ಸುಮಾರು, ಅಕ್ಟೋಬರ್ ಮೊದಲ ವಾರಗಳಲ್ಲಿ ಇನ್ನೂ 22-23. ಮಲ್ಪೆ, ಗೋಕರ್ಣದ ನೀರಿಗೆ ಒಗ್ಗಿದ ಮಕ್ಕಳು 19 ಡಿಗ್ರಿಯಲ್ಲಿ ಮೊಣಕಾಲುದ್ದ ಇಳಿಯುತ್ತಲೇ ಓಡಿ ಬರುತ್ತಾರೆ. ಮೇ ತಿಂಗಳ ಜಾಹೀರಾತಿನ ನೀಲಿ ನೀರು ನೋಡಿ ಈಜುಡುಗೆ ಕೊಂಡವರೆಲ್ಲ ದಡದಲ್ಲಿ ಕೂತು ಬರುವುದು ಇದೇ ಕಾರಣಕ್ಕೆ.

ದಸರಾ ಅಂದರೂ ಎಲ್ಲ ವರ್ಷ ಒಂದೇ ಅಲ್ಲ. 2026ರಲ್ಲಿ ಅಧಿಕ ಮಾಸದಿಂದಾಗಿ ವಿಜಯದಶಮಿ ಅಕ್ಟೋಬರ್ 20ಕ್ಕೆ. 2027ರಲ್ಲಿ ಅಕ್ಟೋಬರ್ 9ಕ್ಕೆ. ಈ ಹನ್ನೊಂದು ದಿನ ಅಲ್ಲಿ ದೊಡ್ಡದು. ರಜೆ ಬೇಗ ಬಂದರೆ ಇಟಲಿಯ ಸಿಸಿಲಿ, ನೇಪಲ್ಸ್ ಕಡೆ, ಗ್ರೀಸಿನ ಸ್ಯಾಂಟೊರಿನಿ ದ್ವೀಪ ಎಲ್ಲವೂ ನಡೆಯುತ್ತದೆ. ತಡವಾಗಿ ಬಂದರೆ ದಕ್ಷಿಣಕ್ಕೆ ಇಳಿಯಿರಿ: ಗ್ರೀಸಿನದೇ ದ್ವೀಪಗಳಾದ ಕ್ರೀಟ್, ರೋಡ್ಸ್. ಅಕ್ಟೋಬರ್ ಕೊನೆಗೆ ದ್ವೀಪಗಳ ಹೋಟೆಲುಗಳು ಒಂದೊಂದೇ ಮುಚ್ಚತೊಡಗುತ್ತವೆ, ಹಡಗುಗಳೂ ಕಡಿಮೆಯಾಗುತ್ತವೆ. ಕ್ರೀಟ್‌ನ 16 ಕಿ.ಮೀ. ಉದ್ದದ ಸಮಾರಿಯಾ ಕಣಿವೆಯ ದಾರಿ ಮೇ 1ರ ಹೊತ್ತಿಗೆ ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುವುದು ವಾಡಿಕೆ; ಉಳಿದ ತಿಂಗಳು ಅಲ್ಲಿ ಹಳ್ಳ ತುಂಬಿ ಹರಿಯುವ ಅಪಾಯವಿದೆ.

ಶರತ್ಕಾಲದ ಒಂದು ಅಪಾಯವನ್ನು ಯಾವ ಪ್ಯಾಕೇಜ್ ಪುಸ್ತಿಕೆಯಲ್ಲೂ ಬರೆದಿರುವುದಿಲ್ಲ. ಬೇಸಿಗೆಯಿಡೀ ಕಾದ ಸಮುದ್ರದ ಮೇಲೆ ಎತ್ತರದಲ್ಲಿ ತಣ್ಣನೆಯ ಗಾಳಿಯ ಮುದ್ದೆ ಬಂದು ನಿಂತರೆ ಕೆಲವೇ ಗಂಟೆಗಳಲ್ಲಿ ಹುಚ್ಚುಮಳೆ ಸುರಿಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಗ್ರೀಸಿನ ಥೆಸ್ಸಲಿ ಬಯಲು ಮುಳುಗಿದ್ದು, 2024ರ ಅಕ್ಟೋಬರ್ 29ರಂದು ಸ್ಪೇನಿನ ವೆಲೆನ್ಸಿಯಾ ಸುತ್ತಮುತ್ತ ನೂರಾರು ಜನ ಸತ್ತದ್ದು ಇಂಥ ಮಳೆಗೇ. ಹಾಗೆಂದು ಪ್ರವಾಸ ರದ್ದು ಮಾಡಬೇಕಿಲ್ಲ. ಮೊಬೈಲ್‌ಗೆ ಸರ್ಕಾರದ ಎಚ್ಚರಿಕೆ ಬಂದ ದಿನ ಬಾಡಿಗೆ ಕಾರು ಮುಟ್ಟಬೇಡಿ, ಒಣಗಿದ ಹಳ್ಳದ ಪಾತ್ರದಲ್ಲಿ ಕಾಲಿಡಬೇಡಿ, ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯಬೇಡಿ. ಮಕ್ಕಳೊಂದಿಗೆ ಮೇಲಿನ ಮಹಡಿಯಲ್ಲಿದ್ದರೆ ಸಾಕು.

ಮೇ ಆರಿಸಿದರೆ 8ರಿಂದ 24ರ ನಡುವೆ ಹೋಗಿ. ಹಗಲು 24-26 ಡಿಗ್ರಿ, ಹದಿನಾಲ್ಕು ಗಂಟೆಗೂ ಮೀರಿದ ಬೆಳಕು, ಗುಡ್ಡಗಳೆಲ್ಲ ಹೂ ಬಿಟ್ಟಿರುತ್ತವೆ. ಜೂನ್ ಬಂತೆಂದರೆ ಅದೇ ಗುಡ್ಡ ನಮ್ಮ ಜಗಳೂರಿನ ಮಾರ್ಚ್‌ನಂತೆ ಒಣಗಿ ಕಂದಾಗುತ್ತದೆ. ಏಪ್ರಿಲ್ ಮೊದಲ ವಾರಗಳು ಇನ್ನೂ ತಣ್ಣಗೆ, ಮಳೆಯೂ ಉಂಟು. ಗ್ರೀಸಿನ ಈಸ್ಟರ್ ಬೇರೆ ಪಂಚಾಂಗದ್ದು ಎಂಬುದನ್ನೂ ನೋಡಿಕೊಳ್ಳಿ: 2027ರಲ್ಲಿ ಇಟಲಿಯ ಈಸ್ಟರ್ ಮಾರ್ಚ್ 28ಕ್ಕೆ, ಗ್ರೀಸಿನದು ಮೇ 2ಕ್ಕೆ. ಆ ಭಾನುವಾರ ಅಕ್ರೊಪೊಲಿಸ್ ಮುಚ್ಚಿರುತ್ತದೆ, ಆ ನಾಲ್ಕು ದಿನ ಅಥೆನ್ಸ್‌ನ ಜನ ಊರುಕೇರಿಗೆ ಹೊರಟು ಹಡಗಿನ ಟಿಕೆಟ್ ಸಿಗುವುದಿಲ್ಲ. ನಮ್ಮ ಯುಗಾದಿಯ ಹಿಂದಿನ ದಿನದ ಬಸ್ ನಿಲ್ದಾಣವೇ.

ಪ್ರಶ್ನೆ: ಬಟ್ಟೆ ಅಂಗಡಿ ನಮ್ಮದು. ಆಷಾಢದಲ್ಲಿ ಮದುವೆ ಇಲ್ಲ, ವ್ಯಾಪಾರ ಇಲ್ಲ; ನಮಗೆ ಬಿಡುವೆಂದರೆ ಆಗಲೇ. ಸೆಕೆ ಎನ್ನುತ್ತಾರೆ, ದಾವಣಗೆರೆಯ ಏಪ್ರಿಲ್ ಕಂಡವರಿಗೆ ಅದೇನು ಲೆಕ್ಕ?
— ಜವಳಿ ವ್ಯಾಪಾರಿ, ದಾವಣಗೆರೆ

ಉತ್ತರ: ಲೆಕ್ಕ ಇದೆ. ದಾವಣಗೆರೆಯ ಏಪ್ರಿಲ್‌ನಲ್ಲಿ ನೀವು ಮಧ್ಯಾಹ್ನ ಗಲ್ಲಾ ಪೆಟ್ಟಿಗೆಯ ಹಿಂದೆ ಫ್ಯಾನ್ ಕೆಳಗೆ ಕೂತಿರುತ್ತೀರಿ. ಅಲ್ಲಿ ಅದೇ ಹೊತ್ತಿಗೆ ನೆರಳಿಲ್ಲದ ಅಮೃತಶಿಲೆಯ ಗುಡ್ಡ ಹತ್ತುತ್ತಿರುತ್ತೀರಿ. ಏಪ್ರಿಲ್ ನಡುಮಧ್ಯಾಹ್ನ ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ಕಾದ ಬಂಡೆ ಕೆಳಗಿನಿಂದಲೂ ಸುಡುತ್ತದೆ. ಇಲ್ಲಿ ಏಳರೊಳಗೆ ಕತ್ತಲಾಗುತ್ತದೆ, ರೋಮ್‌ನಲ್ಲಿ ಜುಲೈ ಆರಂಭದಲ್ಲಿ ಹೊತ್ತು ಮುಳುಗುವುದು ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ. ಯುರೋಪಿನಲ್ಲಿ ಈವರೆಗೆ ದಾಖಲಾದ ಅತಿ ಹೆಚ್ಚಿನ ಉಷ್ಣತೆ 48.8 ಡಿಗ್ರಿ, ಅದು 2021ರ ಆಗಸ್ಟ್ 11ರಂದು ಸಿಸಿಲಿಯಲ್ಲಿ. ಬಿಸಿಗಾಳಿಯ ದಿನಗಳಲ್ಲಿ ಅಕ್ರೊಪೊಲಿಸನ್ನು ಮಧ್ಯಾಹ್ನದಿಂದ ಸಂಜೆ ಐದರವರೆಗೆ ಮುಚ್ಚಿಸುತ್ತಾರೆ. 2023ರಿಂದ ಇದು ಹಲವು ಸಲ ಆಗಿದೆ. ಕಾಳ್ಗಿಚ್ಚೂ ಆಗಲೇ. 2023ರ ಜುಲೈನಲ್ಲಿ ರೋಡ್ಸ್ ದ್ವೀಪದಿಂದ ಸುಮಾರು 19,000 ಜನರನ್ನು ತೆರವು ಮಾಡಿಸಬೇಕಾಯಿತು.

ಬೇರೆ ದಾರಿಯಿಲ್ಲದಿದ್ದರೆ ದಿನವನ್ನು ಎರಡು ಹೋಳು ಮಾಡಿ. ಬೆಳಗ್ಗೆ 8ರ ಸರದಿಯ ಟಿಕೆಟ್ ಮೊದಲೇ ಕೊಳ್ಳಿ (ಅಕ್ರೊಪೊಲಿಸ್‌ಗೆ ಈಗ ಸಮಯ ಗೊತ್ತುಪಡಿಸಿದ ಟಿಕೆಟ್ಟೇ, ದಿನಕ್ಕೆ 20,000 ಜನರ ಮಿತಿ). 11ಕ್ಕೆ ಕೆಳಗಿಳಿದುಬಿಡಿ. ಊಟ, ನಿದ್ದೆ, ಇಲ್ಲವೇ ಎ.ಸಿ. ಇರುವ ಮ್ಯೂಸಿಯಂ. ಮತ್ತೆ ಹೊರಬೀಳುವುದು ಆರರ ಮೇಲೆ. ರೂಮು ಕಾಯ್ದಿರಿಸುವಾಗ ಎ.ಸಿ. ಇದೆಯೇ ಎಂದು ಬಿಡಿಸಿ ಕೇಳಿ, ಹಳೆಯ ಕಟ್ಟಡಗಳಲ್ಲಿ ಇಲ್ಲದಿರುವುದುಂಟು. ರೋಮ್‌ನ ಬೀದಿಗಳಲ್ಲಿ 'ನಾಸೋನೆ' ಎಂಬ ಕಬ್ಬಿಣದ ನಲ್ಲಿಗಳಿವೆ, ಕುಡಿಯುವ ನೀರು ಪುಕ್ಕಟೆ; ಒಂದು ಲೀಟರಿನ ಬಾಟಲಿ ಜೊತೆಯಲ್ಲಿರಲಿ.

ಆಗಸ್ಟ್ 15 ಇಟಲಿಯಲ್ಲೂ ಗ್ರೀಸಿನಲ್ಲೂ ದೊಡ್ಡ ಹಬ್ಬ, ಅದರ ಎರಡೂ ಬದಿಯ ವಾರಗಳಲ್ಲಿ ನಗರದ ಸಣ್ಣ ಅಂಗಡಿ, ಹೋಟೆಲು ಮುಚ್ಚಿ ಮಾಲೀಕರೇ ಸಮುದ್ರತೀರಕ್ಕೆ ಹೊರಟಿರುತ್ತಾರೆ. ನಿಮ್ಮ ಆಷಾಢದ ಹಾಗೆ! ಇನ್ನೊಂದು ವಿಷಯ. 2027ರ ಭೀಮನ ಅಮಾವಾಸ್ಯೆ ಆಗಸ್ಟ್ 2ಕ್ಕೆ, ಅಂದು ಖಗ್ರಾಸ ಸೂರ್ಯಗ್ರಹಣ. ಸ್ಪೇನಿನ ದಕ್ಷಿಣ ತುದಿಯ ಕಾಡಿಸ್, ಮೊರಾಕ್ಕೋದ ಟ್ಯಾಂಜಿಯರ್, ಈಜಿಪ್ಟಿನ ಲಕ್ಸರ್ ಅದರ ದಾರಿಯಲ್ಲಿವೆ. ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಮೀರಿ ಕತ್ತಲು. ಗ್ರಹಣ ನೋಡುವ ಹಂಬಲವಿಲ್ಲದಿದ್ದರೆ ಆ ವಾರ ಆ ಊರುಗಳ ಕಡೆ ತಲೆ ಹಾಕಬೇಡಿ, ರೂಮಿನ ದರ ಕೇಳಿಯೇ ಕಣ್ಣು ಕತ್ತಲೆ ಬರುತ್ತದೆ.

ಪ್ರಶ್ನೆ: ಆಗಸ್ಟ್‌ನಲ್ಲಿ ಗ್ರೀಸಿನ ದ್ವೀಪಗಳ ಹಡಗು ಗಾಳಿಗೆ ನಿಂತುಹೋಗುತ್ತವಂತೆ. ನಿಜವೇ? ಜೋಗಿಮಟ್ಟಿಯ ಗಾಳಿಗೆ ಒಗ್ಗಿದವರು ನಾವು.
— ಓದುಗರು, ಚಿತ್ರದುರ್ಗ

ಉತ್ತರ: ನಿಜ. ಅದಕ್ಕೆ 'ಮೆಲ್ಟೆಮಿ' ಎಂದು ಹೆಸರು. ನಿಮ್ಮ ಗುಡ್ಡದ ಗಾಳಿಯಂತ್ರಗಳು ಭರದಿಂದ ತಿರುಗುವ ಮುಂಗಾರಿನ ತಿಂಗಳುಗಳಲ್ಲೇ ಅದೂ ಬೀಸುತ್ತದೆ, ಇದು ಕಾಕತಾಳೀಯವಲ್ಲ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಹುಟ್ಟುವ ಕಡಿಮೆ ಒತ್ತಡದ ವಲಯ ನಮ್ಮತ್ತ ಮುಂಗಾರನ್ನು ಎಳೆಯುತ್ತದೆ. ಅದರ ಪಶ್ಚಿಮದ ಬಾಲ ತುರ್ಕಿಯವರೆಗೂ ಚಾಚಿ, ಬಾಲ್ಕನ್ ಕಡೆಯ ಅಧಿಕ ಒತ್ತಡದಿಂದ ಗಾಳಿಯನ್ನು ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹರಿಸುತ್ತದೆ. ಇಲ್ಲಿ ಮೋಡ ತರುವ ಏರ್ಪಾಡೇ ಅಲ್ಲಿ ಶುಭ್ರ ಆಕಾಶದಡಿ ಬಿರುಗಾಳಿ ತರುತ್ತದೆ.

ಬೋಫರ್ಟ್ ಅಳತೆಯಲ್ಲಿ 8, ಅಂದರೆ ಗಂಟೆಗೆ 62 ಕಿ.ಮೀ. ದಾಟಿದ ಗಾಳಿ, ಮುಟ್ಟುವ ಹೊತ್ತಿಗೆ ಬಂದರು ಅಧಿಕಾರಿಗಳು ಹಡಗುಗಳನ್ನು ತಡೆಯುವುದು ಸಾಮಾನ್ಯ. ಮೊದಲು ನಿಲ್ಲುವವು ವೇಗದ ಸಣ್ಣ ಹಡಗುಗಳು. ಕಾರು, ಲಾರಿ ಹೊರುವ ದೊಡ್ಡವು ಇನ್ನಷ್ಟು ತಾಳುತ್ತವೆ. ಆದ್ದರಿಂದ ಜುಲೈ-ಆಗಸ್ಟ್‌ನಲ್ಲಿ ನಿಧಾನವಾದರೂ ದೊಡ್ಡ ಹಡಗನ್ನೇ ಹಿಡಿಯಿರಿ, ವಾಂತಿಯೂ ಕಡಿಮೆ. ದ್ವೀಪದಿಂದ ಬಂದ ದಿನವೇ ಊರಿಗೆ ವಿಮಾನ ಇಟ್ಟುಕೊಳ್ಳುವುದು ಮಾತ್ರ ಹುಂಬತನ. ಕೊನೆಯ ರಾತ್ರಿ ಅಥೆನ್ಸ್‌ನಲ್ಲಿರಲಿ, ಸಾಧ್ಯವಾದರೆ ಎರಡು ರಾತ್ರಿ. ಗಾಳಿಯೇ ಬೇಡವೆಂದರೆ ಪಶ್ಚಿಮದ ಕೊರ್ಫು, ಕೆಫಲೋನಿಯಾ ಕಡೆ ಅದರ ಹೊಡೆತ ಅಷ್ಟಿಲ್ಲ.

ಪ್ರಶ್ನೆ: ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿಯುವಾಗ ಜನವರಿ ಆಗುತ್ತದೆ. ಫೆಬ್ರವರಿಯಲ್ಲಿ ಹೋದರೆ ಹಣ ದಂಡವೇ?
— ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ಸಮುದ್ರಕ್ಕೆಂದು ಹೋದರೆ ದಂಡ. ಊರು ನೋಡಲು ಹೋದರೆ ಲಾಭ. ಫೆಬ್ರವರಿ ಹಗಲಿನಲ್ಲಿ ಸ್ಪೇನಿನ ಸೆವಿಯ್ಯದಲ್ಲಿ 18 ಡಿಗ್ರಿ, ಮಾಲ್ಟಾದಲ್ಲಿ 15-16, ಅಥೆನ್ಸ್, ರೋಮ್‌ಗಳಲ್ಲಿ 14ರ ಸುಮಾರು. ದಪ್ಪ ಕೋಟು ಬೇಡ. ಒಳಗೊಂದು ತೆಳು ಉಣ್ಣೆ, ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್ ಸಾಕು. ರೂಮು ಅಗ್ಗ, ಸಾಲು ಚಿಕ್ಕದು. ಗ್ರೀಸಿನಲ್ಲಿ ಪ್ರತಿ ರೂಮಿಗೆ ಪ್ರತಿ ರಾತ್ರಿ ಬೇರೆಯಾಗಿ ವಸೂಲು ಮಾಡುವ ಸರ್ಕಾರಿ ಶುಲ್ಕವೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಿಮೆ.

ನಾವು ಹೇಳುವ ದಾರಿ: ಸೆವಿಯ್ಯ, ಕೊರ್ಡೊಬಾ, ಗ್ರನಾಡಾ, ಒಟ್ಟು ಎಂಟು ದಿನ, ರೈಲಿನಲ್ಲೇ. ಗ್ರನಾಡಾ ಎತ್ತರದಲ್ಲಿದೆ, ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ; ಹಿಂದಿನ ಸಿಯೆರಾ ನೆವಾಡಾ ಬೆಟ್ಟದಲ್ಲಿ ಹಿಮ. ಅಲ್ಲಿನ ಅಲ್ಹಂಬ್ರಾ ಅರಮನೆಯ ಒಳಭಾಗಕ್ಕೆ ಟಿಕೆಟ್ಟಿನಲ್ಲಿ ಬರೆದ ಸಮಯಕ್ಕೇ ಹಾಜರಿರಬೇಕು, ತಪ್ಪಿದರೆ ಬಿಡುವುದಿಲ್ಲ. ಕೃಷಿಕರಾದ ನಿಮಗೆ ಸಿಸಿಲಿಯ ಅಗ್ರಿಜೆಂಟೊ ಇನ್ನೂ ಹಿಡಿಸಬಹುದು: ಗ್ರೀಕರು ಕಟ್ಟಿದ ದೇವಾಲಯಗಳ ಸುತ್ತ ಬಾದಾಮಿ ಮರಗಳು ಹೂ ಬಿಡುವುದು ಫೆಬ್ರವರಿಯಲ್ಲೇ. ಆಲಿವ್ ಕೊಯ್ಲು ನೋಡಬೇಕೆಂದರೆ ಮಾತ್ರ ನಿಮ್ಮ ಕೊಯ್ಲನ್ನು ಬಿಟ್ಟು ಹೋಗಬೇಕು, ಅದು ಅಕ್ಟೋಬರ್ ಕೊನೆಯಿಂದ ಜನವರಿವರೆಗೆ.

ಪ್ರಶ್ನೆ: ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿವೆ. ಆ ವ್ಯಾಪಾರಿಗಳು ಯಾವ ತಿಂಗಳಲ್ಲಿ ಹೊರಡುತ್ತಿದ್ದರು?
— ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಜುಲೈ ಹೊತ್ತಿಗೆ ಹೊರಟು, ಮುಂಗಾರು ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿ ಸೇರುತ್ತಿದ್ದರು. ವಾಪಸಾಗುತ್ತಿದ್ದುದು ಗಾಳಿ ತಿರುಗಿದ ಮೇಲೆ, ಡಿಸೆಂಬರ್-ಜನವರಿಯ ಸುಮಾರಿಗೆ. ಮೆಡಿಟರೇನಿಯನ್ ಒಳಗೆ ಅವರ ಪಂಚಾಂಗವೇ ಬೇರೆ: ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ 'ಮುಚ್ಚಿರುತ್ತದೆ' ಎಂದು ರೋಮನ್ ಲೇಖಕ ವೆಜಿಟಿಯಸ್ ಬರೆದಿದ್ದಾನೆ.

ಪ್ರಶ್ನೆ: ತಾಯಿಗೆ 70, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಮೊಟ್ಟೆಯನ್ನೂ ಮುಟ್ಟದ ಲಿಂಗಾಯತ ಮನೆತನ. ಯಾವ ಕಾಲ, ಯಾವ ಊರು?
— ಗೃಹಿಣಿ, ಹೊಸದುರ್ಗ

ಉತ್ತರ: ಊಟದ ಕಡೆಯಿಂದ ನೋಡಿದರೆ ಗ್ರೀಸಿನಲ್ಲಿ ಈಸ್ಟರ್‌ಗೆ ಮುಂಚಿನ ಏಳು ವಾರ. ಅದು ಅವರ ಉಪವಾಸದ ಕಾಲ. ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. 2027ರಲ್ಲಿ ಅದು ಮಾರ್ಚ್ 15ರಿಂದ ಮೇ 1. ಹೋಟೆಲಿನಲ್ಲಿ 'ನಿಸ್ಟಿಸಿಮಾ' ಎಂದು ಕೇಳಿ. 'ಫಾವಾ' ಅಂದರೆ ಹಳದಿ ಬೇಳೆ ಬೇಯಿಸಿ ನುಣ್ಣಗೆ ಅರೆದದ್ದು, ಒಗ್ಗರಣೆ ಇಲ್ಲದ ನಮ್ಮ ತೊವ್ವೆಯೇ. 'ಗಿಗಾಂಟೆಸ್' ಟೊಮ್ಯಾಟೊ ಗೊಜ್ಜಿನಲ್ಲಿ ಬೇಯಿಸಿದ ದಪ್ಪ ಅವರೆಯಂಥ ಕಾಳು. ಆದರೆ ಎಚ್ಚರ: ಆ ಉಪವಾಸದಲ್ಲಿ ಸಿಗಡಿ, ಆಕ್ಟೋಪಸ್ ನಿಷಿದ್ಧವಲ್ಲ. ಅದನ್ನು ಬೇರೆಯಾಗಿಯೇ ಹೇಳಬೇಕು. ಇಟಲಿಯಲ್ಲಿ ಪಾರ್ಮೆಸಾನ್ ಚೀಸ್ ಬೇಡವೆನ್ನಿ, ಅದನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ಅಂಶದಿಂದ.

ಮೊಣಕಾಲಿನ ಕಡೆಯಿಂದ ನೋಡಿದರೆ ಏಪ್ರಿಲ್ ಕೊನೆಯ ವಾರಗಳು. ಎರಡೂ ಕೂಡುವುದು ಅಲ್ಲೇ. ಚಳಿಗೆ ಕೀಲು ಬಿಗಿಯುವುದಿಲ್ಲ, ಬಿಸಿಲಿಗೆ ಸುಸ್ತಾಗುವುದಿಲ್ಲ. ವೆನಿಸ್ ಬೇಡ, ಪ್ರತಿ ಸೇತುವೆಗೂ ಮೆಟ್ಟಿಲು. ಸ್ಯಾಂಟೊರಿನಿಯೂ ಬೇಡ. ಅಕ್ರೊಪೊಲಿಸ್‌ಗೆ ನಡೆಯಲಾರದವರಿಗೆ ಲಿಫ್ಟ್ ಇದೆ, ಮುಂಚೆಯೇ ವಿಚಾರಿಸಿ. ಮೇಲಿನ ಕಲ್ಲು ನೂರಾರು ವರ್ಷ ತುಳಿದು ನುಣುಪಾಗಿದೆ, ಮಳೆ ಹನಿದರೆ ಜಾರುತ್ತದೆ; ರಬ್ಬರ್ ಅಡಿಯ ಶೂ ಹಾಕಿಸಿ, ಚಪ್ಪಲಿ ಬೇಡ. ಇನ್ಸುಲಿನ್ ಇದ್ದರೆ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯ ಜೊತೆ.

ಪ್ರಶ್ನೆ: ಮೇ ತಿಂಗಳಿಗೆ ಹೋಗಬೇಕೆಂದರೆ ವೀಸಾಕ್ಕೆ ಯಾವಾಗ ಅರ್ಜಿ?
— ಮೂವರು ಓದುಗರು, ಹಿರಿಯೂರು ಮತ್ತು ದಾವಣಗೆರೆ

ಉತ್ತರ: ಜನವರಿಯಲ್ಲಿ. ನಿಯಮದ ಪ್ರಕಾರ ಷೆಂಗೆನ್ ವೀಸಾಕ್ಕೆ (ಗ್ರೀಸ್, ಇಟಲಿ, ಸ್ಪೇನ್ ಸೇರಿ ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ) ಹೊರಡುವ ಆರು ತಿಂಗಳು ಮೊದಲಿಂದ ಹದಿನೈದು ದಿನ ಮೊದಲವರೆಗೂ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಎಳೆದರೆ 45. ತೊಡಕಿರುವುದು ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಡುವ ದಿನ ಸಿಗುವುದರಲ್ಲಿ. ಮಾರ್ಚ್ ದಾಟಿದರೆ ಇಡೀ ದೇಶವೇ ಬೇಸಿಗೆ ರಜೆಗೆ ಹೊರಟಿರುತ್ತದೆ. ದಸರಾಕ್ಕೆ ಹೋಗುವವರು ಜೂನ್ ಕೊನೆಗೇ ಶುರು ಮಾಡಿ.

ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅರ್ಜಿ ಅದಕ್ಕೆ. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಬೇಗ ದಿನ ಸಿಕ್ಕಿತೆಂದು ಹೋಗದ ದೇಶಕ್ಕೆ ಅರ್ಜಿ ಹಾಕಿಸುವ ಏಜೆಂಟರ ಮಾತು ಕೇಳಬೇಡಿ, ತಿರಸ್ಕಾರಕ್ಕೆ ಅದೇ ದಾರಿ. ಶುಲ್ಕ ದೊಡ್ಡವರಿಗೆ 90 ಯೂರೋ, 6 ತುಂಬಿ 12 ತುಂಬದವರಿಗೆ 45, ಆರರೊಳಗಿನವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು.

ನಮ್ಮ ಕಡೆಯ ಅರ್ಜಿಗಳು ಸೋಲುವುದು ಹೆಚ್ಚಾಗಿ ಬ್ಯಾಂಕ್ ಪುಸ್ತಕದಲ್ಲಿ. ಅರ್ಜಿಗೆ ಹತ್ತು ದಿನ ಮೊದಲು ನೆಂಟರಿಂದ ತಂದು ಜಮಾ ಮಾಡಿದ ಐದು ಲಕ್ಷಕ್ಕಿಂತ, ಆರು ತಿಂಗಳು ನೆಟ್ಟಗೆ ಓಡಾಡಿದ ಎರಡು ಲಕ್ಷಕ್ಕೆ ಬೆಲೆ. ಕೃಷಿ ಆದಾಯದವರು ಪಹಣಿ, ಅಡಿಕೆ ಮಂಡಿಯ ಬಿಲ್ಲು, ಆ ಹಣ ಖಾತೆಗೆ ಬಂದ ಗುರುತು, ಮೂರನ್ನೂ ತಾಳೆ ಹಾಕಿ ಕೊಡಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಿದರೆ ಹಣ ವಾಪಸು ಬರುವಂಥ ರೂಮು, ಟಿಕೆಟ್ ಮಾತ್ರ ಕಾಯ್ದಿರಿಸಿ.